ಸಾಲದಿಂದ ಸಾಲ ತೀರೀತೆ?

ಪರವೂರಿಗೆ ಬಂದು ನೆಲೆನಿಂತ ಕನ್ನಡಿಗನಿಗೆ ಸ್ವಂತದ್ದೊಂದು ಸೂರು ಮಾಡಿಕೊಳ್ಳಬೇಕೆಂಬುದಕ್ಕಿಂತ ದೊಡ್ಡ ಹಂಬಲ ಬೇರೊಂದಿಲ್ಲ. ಹೋಟೆಲಿನ ಅಟ್ಟದ ಮೇಲೆಯೋ, ನಾಲ್ವರು ಜತೆಗೂಡಿ ಹಿಡಿದ ಚಾಳಿನ ಕೋಣೆಯಲ್ಲಿಯೋ ವರ್ಷಗಳನ್ನು ಕಳೆದು, ಊರಿಗೆ ಕಳುಹಿಸಬೇಕಾದುದನ್ನು ಕಳುಹಿಸಿ, ಉಳಿದುದರಲ್ಲಿ ಅಷ್ಟಿಷ್ಟು ಕೂಡಿಹಾಕಿ, ಕೊನೆಗೆ ಡೊಂಬಿವಲಿಯಲ್ಲೋ, ವಸಯಿ-ವಿರಾರಿನಲ್ಲೋ, ಪುಣೆಯ ಪಿಂಪ್ರಿ-ಚಿಂಚವಾಡದಲ್ಲೋ ಒಂದು ಕೋಣೆ-ಅಡುಗೆಮನೆಯ ಬ್ಲಾಕನ್ನು ಸಾಲ ಮಾಡಿ ಕೊಂಡವರು ನಮ್ಮ ವಾಚಕರಲ್ಲಿ ಅನೇಕರಿರುವರು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಇಪ್ಪತ್ತು ವರ್ಷಗಳ ಮಾಸಿಕ ಕಂತನ್ನು ಕಂಡವರಲ್ಲ. ಕಂಡಿದ್ದರೆ ಆ ಗಾದೆಗೆ ಮೂರನೆಯ ಮಾತೊಂದನ್ನು ಸೇರಿಸದೆ ಇರುತ್ತಿರಲಿಲ್ಲ.

ಈ ಕಂತಿನ ಭಾರವನ್ನು ಹಗುರಗೊಳಿಸುವ ಹೊಸ ಉಪಾಯವೊಂದು ನಮ್ಮ ಗುಮಾಸ್ತ ಬಂಧುಗಳ ನಡುವೆ ಕಿವಿಯಿಂದ ಕಿವಿಗೆ ಹಬ್ಬುತ್ತಿದೆ. ಕ್ರೆಡಿಟ್ ಕಾರ್ಡು ಕೊಡುವ ಬ್ಯಾಂಕುಗಳು ‘ಬ್ಯಾಲೆನ್ಸ್ ಟ್ರಾನ್ಸ್‌ಫರ್’ ಎಂಬ ಹೆಸರಿನಲ್ಲಿ ಬೇರೆ ಬ್ಯಾಂಕಿನ ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಗೆ, ಒಮ್ಮೊಮ್ಮೆ ಬಡ್ಡಿಯೇ ಇಲ್ಲದೆ, ಕೆಲವು ತಿಂಗಳ ಮಟ್ಟಿಗೆ ತಮ್ಮ ಕಾರ್ಡಿಗೆ ವರ್ಗಾಯಿಸಿಕೊಳ್ಳುತ್ತವೆ. ಹೀಗಿರಲಾಗಿ, ಮನೆಖರ್ಚನ್ನೆಲ್ಲ ಕಾರ್ಡಿನ ಮೇಲೆ ಹಾಕಿ, ಸಂಬಳದ ನಗದನ್ನು ಗೃಹಸಾಲದ ಅಸಲಿಗೆ ತುಂಬಬಹುದಲ್ಲ; ಕಾರ್ಡಿನ ಬಾಕಿಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಹೋದರೆ ಮನೆಯ ಸಾಲದ ಬಡ್ಡಿ ತಾನಾಗಿ ಇಳಿಯುವುದಲ್ಲವೆ ಎಂಬುದು ಈ ಉಪಾಯದ ತಿರುಳು. ಕಿವಿಗೆ ಇದು ಇಂಪಾಗಿದೆ. ಲೆಕ್ಕದ ಪುಸ್ತಕದಲ್ಲಿ ನಿಲ್ಲುವುದೆ ಎಂಬುದನ್ನು ಪರಿಶೀಲಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಈ ಉಪಾಯವು ನಮ್ಮ ನೆಲದಲ್ಲಿ ಹುಟ್ಟಿದುದಲ್ಲ. ಬ್ರಿಟನ್ನಿನಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ಡ್ ಕಂಪನಿಗಳು ಗಿರಾಕಿಗಳಿಗಾಗಿ ಪೈಪೋಟಿ ನಡೆಸಿ, ಹಲವು ತಿಂಗಳ ಕಾಲ ಬಡ್ಡಿಯಿಲ್ಲದೆ ಬಾಕಿಯನ್ನು ವರ್ಗಾಯಿಸಿಕೊಳ್ಳುತ್ತಿದ್ದವು. ಅಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ‘ಆಫ್‌ಸೆಟ್’ ಎಂಬ ಬಗೆಯ ಗೃಹಸಾಲವುಂಟು. ಸಾಲಗಾರನ ಉಳಿತಾಯ ಖಾತೆಯಲ್ಲಿ ಎಷ್ಟು ಹಣವಿರುವುದೋ ಅಷ್ಟನ್ನು ಸಾಲದಿಂದ ಕಳೆದು, ಉಳಿದುದಕ್ಕೆ ಮಾತ್ರ ಬಡ್ಡಿ ಹಾಕುವುದು ಅದರ ಕ್ರಮ. ಜಾಣರಾದವರು ಕಾರ್ಡಿನ ಬಿಟ್ಟಿ ಹಣವನ್ನು ತಂದು ಈ ಖಾತೆಯಲ್ಲಿಟ್ಟು, ಅವಧಿ ಮುಗಿಯುವ ಮುನ್ನ ಅದನ್ನೇ ತೆಗೆದು ಹಿಂದಿರುಗಿಸಿ, ನಡುವಿನ ಬಡ್ಡಿಯನ್ನು ಉಳಿಸಿಕೊಂಡರು. ಇಂಗ್ಲಿಷರು ಇದಕ್ಕೆ ‘ಸ್ಟೂಜಿಂಗ್’ ಎಂದು ಹೆಸರನ್ನೂ ಇಟ್ಟರು. ಬಡ್ಡಿ ಸೊನ್ನೆ, ಅವಧಿ ಉದ್ದ, ಇಟ್ಟ ಹಣವನ್ನು ಬೇಕೆಂದಾಗ ತೆಗೆಯುವ ಸೌಕರ್ಯ, ಈ ಮೂರೂ ಒಟ್ಟುಗೂಡಿದ್ದರಿಂದ ಆ ಆಟ ನಡೆಯಿತು. ಮುಂದೆ ವರ್ಗಾವಣೆಗೆ ಶುಲ್ಕ ಬಂತು. 2009ರ ಮಾರ್ಚಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡು ತನ್ನ ಮೂಲದರವನ್ನು ಶೇಕಡಾ 0.5ಕ್ಕೆ ಇಳಿಸಿದ ಬಳಿಕ ಆ ಜಾಣ್ಮೆಯ ಲಾಭವೂ ಸೊರಗಿತು.

ಆ ಮೂರು ಅನುಕೂಲಗಳಲ್ಲಿ ನಮ್ಮ ದೇಶದಲ್ಲಿ ಎಷ್ಟಿವೆ? ಇಲ್ಲಿ ಬಾಕಿಯ ವರ್ಗಾವಣೆಯು ಸಾಮಾನ್ಯವಾಗಿ ಕಾರ್ಡಿನಿಂದ ಕಾರ್ಡಿಗೆ ಮಾತ್ರ ನಡೆಯುವುದು. ಗೃಹಸಾಲದ ಖಾತೆಗೆ ಆ ಹಣ ನೇರವಾಗಿ ಹೋಗದು. ಅಗ್ಗದ ಬಡ್ಡಿಯ ಅವಧಿ ಹೆಚ್ಚಾಗಿ ಮೂರು ತಿಂಗಳು, ಆರು ತಿಂಗಳು. ವರ್ಗಾವಣೆಯ ಶುಲ್ಕವೂ ಅದರ ಮೇಲೆ ಶೇಕಡಾ 18ರ ಜಿಎಸ್‌ಟಿಯೂ ಬೇರೆ. ಗೃಹಸಾಲದ ಅಸಲಿಗೆ ಒಮ್ಮೆ ತುಂಬಿದ ಹಣವನ್ನು, ಓವರ್‌ಡ್ರಾಫ್ಟ್ ಮಾದರಿಯ ಖಾತೆಯ ಹೊರತು, ಹಿಂದಕ್ಕೆ ತೆಗೆಯಲು ಬಾರದು. ಕೊಟ್ಟ ಅವಧಿ ಮುಗಿದ ಮರುದಿನದಿಂದ ಕಾರ್ಡಿನ ನಿಜವಾದ ಬಡ್ಡಿ ಪ್ರಾರಂಭವಾಗುವುದು. ಅದು ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ 3ರಿಂದ 3.75, ಅಂದರೆ ವರ್ಷಕ್ಕೆ 36ರಿಂದ 45. ಗೃಹಸಾಲದ ಹಿಂದೆ ಮನೆಯೇ ಅಡಮಾನವಾಗಿ ನಿಂತಿರುವುದರಿಂದ ಬ್ಯಾಂಕು ಅದನ್ನು ಅಗ್ಗವಾಗಿ ಕೊಡುತ್ತದೆ. ಕಾರ್ಡಿನ ಹಿಂದೆ ಯಾವ ಅಡಮಾನವೂ ಇಲ್ಲದ್ದರಿಂದ ಅದರ ಬಡ್ಡಿ ತುಟ್ಟಿ. ದುಡಿಯುವವನಿಗೆ ದೊರೆಯುವ ಸಾಲಗಳಲ್ಲಿ ಅತ್ಯಂತ ಅಗ್ಗವಾದುದು ಒಂದು, ಅತ್ಯಂತ ದುಬಾರಿಯಾದವುಗಳಲ್ಲಿ ಎಣಿಸತಕ್ಕದ್ದು ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ತೀರಿಸಲು ಹೊರಡುವುದು ತುಪ್ಪ ಸುರಿದು ಎಣ್ಣೆ ಉಳಿಸಿದಂತೆ.

ಮಾತಿನಲ್ಲಿ ಹೇಳಿದರೆ ಸಾಲದು. ಲೆಕ್ಕವನ್ನೇ ಹಾಕಿ ನೋಡೋಣ. 25 ಲಕ್ಷ ರೂಪಾಯಿಗಳ ಗೃಹಸಾಲ, ಶೇಕಡಾ 8.5ರ ಬಡ್ಡಿ, 20 ವರ್ಷಗಳ ಅವಧಿ ಎಂದಿಟ್ಟುಕೊಳ್ಳುವ. ಮಾಸಿಕ ಕಂತು ಸುಮಾರು 21,696 ರೂಪಾಯಿ. ಮೊದಲನೆಯ ತಿಂಗಳ ಕಂತಿನಲ್ಲಿ 17,708 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸೇರುವುದು ನಾಲ್ಕು ಸಾವಿರಕ್ಕೂ ಕಡಿಮೆ. ಇಪ್ಪತ್ತು ವರ್ಷಗಳಲ್ಲಿ ತೆರುವ ಬಡ್ಡಿಯ ಮೊತ್ತ ಸುಮಾರು 27 ಲಕ್ಷ. ಈ ಸಾಲದ ಆರಂಭದಲ್ಲಿಯೇ ಒಂದು ಲಕ್ಷ ರೂಪಾಯಿಯನ್ನು ಅಸಲಿಗೆ ತುಂಬಿ, ಕಂತನ್ನು ಹಾಗೆಯೇ ಮುಂದುವರಿಸಿದರೆ, ಸಾಲವು ಸುಮಾರು 23 ತಿಂಗಳು ಮೊದಲೇ ತೀರುವುದು. ಬಡ್ಡಿಯಲ್ಲಿ ಸುಮಾರು 4 ಲಕ್ಷ ಉಳಿಯುವುದು. ಇದು ಸತ್ಯವಾದ ಲೆಕ್ಕ. ಉಪಾಯಗಾರರು ತೋರಿಸುವುದೂ ಇದನ್ನೇ: ‘ಕಾರ್ಡಿನಿಂದ ಒಂದು ಲಕ್ಷ ಎತ್ತಿ ತುಂಬು, ನಾಲ್ಕು ಲಕ್ಷ ಉಳಿಸು.’

ಆದರೆ ಅವರು ಹೇಳದೆ ಬಿಡುವ ಮಾತೊಂದಿದೆ. ಆ ನಾಲ್ಕು ಲಕ್ಷ ಉಳಿಯುವುದು, ತುಂಬಿದ ಒಂದು ಲಕ್ಷವು ಹದಿನೆಂಟು ವರ್ಷ ಅಲ್ಲಿಯೇ ದುಡಿಯುವುದರಿಂದ. ಕಾರ್ಡಿನ ಹಣವಾದರೋ ಆರು ತಿಂಗಳ ಅತಿಥಿ. ಅದರ ಪಾಲಿಗೆ ಸಲ್ಲತಕ್ಕದ್ದು ಆರು ತಿಂಗಳ ಬಡ್ಡಿ ಮಾತ್ರ. ಒಂದು ಲಕ್ಷಕ್ಕೆ ಶೇಕಡಾ 8.5ರಂತೆ ಅದು 4,250 ರೂಪಾಯಿ. ಅದೂ ಆರು ತಿಂಗಳು ಮುಗಿದ ಮೇಲೆ ಇಡೀ ಲಕ್ಷವನ್ನು ಒಮ್ಮೆಗೇ ಹಿಂದಿರುಗಿಸುವ ಸಾಮರ್ಥ್ಯವಿದ್ದವನಿಗೆ. ನಮ್ಮವರು ಸಂಬಳದಿಂದ ತಿಂಗಳು ತಿಂಗಳು ಕಟ್ಟತಕ್ಕವರು. ಆರು ಸಮ ಕಂತುಗಳಲ್ಲಿ ತೀರಿಸಿದರೆ ಕಾರ್ಡಿನ ಹಣ ಕೈಯಲ್ಲಿರುವುದು ಸರಾಸರಿ ಮೂರೂವರೆ ತಿಂಗಳು. ಗೃಹಸಾಲದಲ್ಲಿ ಉಳಿಯುವ ಬಡ್ಡಿ ಸುಮಾರು 2,479 ರೂಪಾಯಿ. ಕಾರ್ಡಿನವರು ಒಂದು ಕಾಸೂ ಬಡ್ಡಿ ತೆಗೆದುಕೊಳ್ಳದೆ, ಶೇಕಡಾ 2ರಷ್ಟು ಶುಲ್ಕ ಮಾತ್ರ ಕೇಳಿದರೆನ್ನೋಣ. ಶುಲ್ಕ 2,000, ಜಿಎಸ್‌ಟಿ 360. ಎಲ್ಲವೂ ಸರಿಯಾಗಿ ನಡೆದು, ಒಂದು ದಿನವೂ ತಪ್ಪದೆ ಕಟ್ಟಿದವನಿಗೆ ಆರು ತಿಂಗಳ ಈ ಸಾಹಸದಿಂದ ದೊರೆಯುವ ನಿವ್ವಳ ಲಾಭ 119 ರೂಪಾಯಿ!

ತಪ್ಪಿದರೆ ಏನಾಗುವುದು? ಯಾವುದೇ ಸೋಡಿಯಿಲ್ಲದೆ ತಿಂಗಳಿಗೆ ಶೇಕಡಾ 3ರಂತೆ ಒಂದು ಲಕ್ಷದ ಬಾಕಿ ಆರು ತಿಂಗಳು ನಿಂತರೆ, ಚಕ್ರಬಡ್ಡಿಯನ್ನು ಬಿಟ್ಟರೂ 18,000 ರೂಪಾಯಿ ಬಡ್ಡಿ. ಕಾರ್ಡಿನ ಬಡ್ಡಿಯ ಮೇಲೂ ಜಿಎಸ್‌ಟಿ ಬೀಳುವುದರಿಂದ ಇನ್ನು 3,240. ಒಟ್ಟು 21,240. ಒಂದು ಪಕ್ಕದಲ್ಲಿ 119 ರೂಪಾಯಿಯ ಆಸೆ, ಇನ್ನೊಂದು ಪಕ್ಕದಲ್ಲಿ ಒಂದು ತಿಂಗಳ ಗೃಹಸಾಲದ ಕಂತಿನಷ್ಟು ನಷ್ಟದ ಭಯ. ಇಂಥ ಪಂದ್ಯಕ್ಕೆ ಕೈಹಾಕುವಷ್ಟು ನಿಶ್ಚಿಂತೆಯ ಬದುಕು ನಮ್ಮದಲ್ಲ. ಮಗುವಿಗೆ ಜ್ವರ ಬಂದ ತಿಂಗಳು, ಊರಿನಲ್ಲಿ ತಾಯಿ ಹಾಸಿಗೆ ಹಿಡಿದ ತಿಂಗಳು, ಹೋಟೆಲು ದುರಸ್ತಿಗೆಂದು ಮುಚ್ಚಿದ ತಿಂಗಳು ಯಾರಿಗೂ ಮುಂದಾಗಿ ತಿಳಿಸಿ ಬರುವುದಿಲ್ಲ.

ಇನ್ನೂ ಎರಡು ಹಳ್ಳಗಳನ್ನು ವಾಚಕರಿಗೆ ತೋರಿಸಿಬಿಡುತ್ತೇವೆ. ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸದೆ ‘ಕನಿಷ್ಠ ಮೊತ್ತ’ವನ್ನಷ್ಟೇ ಕಟ್ಟುತ್ತ ಹೋದವನಿಗೆ ಹೊಸ ಖರೀದಿಗಳ ಮೇಲಿನ ಬಡ್ಡಿರಹಿತ ದಿನಗಳೂ ಇಲ್ಲವಾಗುತ್ತವೆ. ಇಂದು ಕೊಂಡ ಅಕ್ಕಿಗೆ ಇಂದಿನಿಂದಲೇ ಬಡ್ಡಿ. ಎರಡನೆಯದು, ‘ತಿಂಗಳಿಗೆ ಶೇಕಡಾ 1 ಮಾತ್ರ’ ಎಂಬ ಮೊಬೈಲು ಕರೆ. ಕಾರ್ಡಿನ ಮೇಲೆ ಸಾಲವೆಂದು ಕೊಟ್ಟು, ಒಂದು ಲಕ್ಷಕ್ಕೆ ವರ್ಷದ ಬಡ್ಡಿ 12,000ವನ್ನು ಮೊದಲೇ ಸೇರಿಸಿ, 12 ಕಂತುಗಳಾಗಿ ಹಂಚಿದರೆ ಕಂತು 9,333 ರೂಪಾಯಿ. ಅಸಲು ಪ್ರತಿ ತಿಂಗಳೂ ಕರಗುತ್ತಿದ್ದರೂ ಬಡ್ಡಿ ಕರಗದೆ ನಿಂತಿರುವುದರಿಂದ, ನಿಜವಾದ ದರ ವರ್ಷಕ್ಕೆ ಶೇಕಡಾ 12 ಅಲ್ಲ, ಸುಮಾರು 21. ಹನ್ನೆರಡು ಎಂಬ ಅಂಕಿಯನ್ನು ಕೇಳಿ ಎಂಟೂವರೆಗೆ ಸಮೀಪವೇ ಇದೆಯಲ್ಲ ಎಂದುಕೊಂಡವನು ಮೋಸಹೋದನೆಂದೇ ತಿಳಿಯಬೇಕು.

ಹಾಗಾದರೆ ಬಾಕಿಯ ವರ್ಗಾವಣೆ ಯಾವ ಕಾಲಕ್ಕೂ ನಿಷಿದ್ಧವೆ? ನಾವು ಹಾಗೆನ್ನುವುದಿಲ್ಲ. ಈಗಾಗಲೇ ಒಂದು ಕಾರ್ಡಿನಲ್ಲಿ ವರ್ಷಕ್ಕೆ ಶೇಕಡಾ 40ರ ಬಡ್ಡಿಗೆ ಸಿಲುಕಿದವನು, ಆ ಕಾರ್ಡನ್ನು ಮುಟ್ಟುವುದನ್ನು ನಿಲ್ಲಿಸಿ, ಬಾಕಿಯನ್ನು ಅಗ್ಗದ ದರಕ್ಕೆ ವರ್ಗಾಯಿಸಿ, ಅವಧಿಯೊಳಗೆ ತೀರಿಸಿ ಮುಕ್ತನಾಗುವುದಾದರೆ ಅದು ತಕ್ಕ ಔಷಧವೇ. ಅಂಥವನು ಗೃಹಸಾಲಕ್ಕೆ ಹೆಚ್ಚಿನ ಹಣ ತುಂಬುವ ಯೋಚನೆಯನ್ನು ಅಲ್ಲಿಯವರೆಗೆ ಬದಿಗಿಡಬೇಕು. ಮೊದಲು ನಲವತ್ತರ ಬೆಂಕಿ ಆರಲಿ, ಎಂಟರ ಬಿಸಿಯನ್ನು ಆಮೇಲೆ ನೋಡಬಹುದು. ಆದರೆ ಕಾರ್ಡಿನ ರೋಗಕ್ಕೆ ಕೊಟ್ಟ ಔಷಧವನ್ನು ಗೃಹಸಾಲಕ್ಕೆ ಕುಡಿಸಲು ಬಾರದು. ಕಾರ್ಡಿನ ಬಾಕಿಯನ್ನು ತೀರಿಸಲೆಂದು ಮನೆಯ ಮೇಲೆಯೇ ಇನ್ನಷ್ಟು ಸಾಲ ಎತ್ತುವ ಮೊದಲೂ ಹತ್ತು ಸಲ ಯೋಚಿಸಬೇಕು. ಬಡ್ಡಿ ಇಳಿಯುವುದು ನಿಜ. ಆದರೆ ಉಂಡು ಉಟ್ಟು ಮುಗಿಸಿದ ಖರ್ಚು ಹದಿನೈದು ವರ್ಷಗಳ ಋಣವಾಗಿ ಮನೆಯ ಹೊಸ್ತಿಲ ಮೇಲೆ ಕುಳಿತಿರುವುದು.

ಗೃಹಸಾಲದ ಬಡ್ಡಿಯನ್ನು ತಗ್ಗಿಸುವ ನೇರವಾದ ದಾರಿಗಳಿರುವಾಗ ಈ ಬಳಸುದಾರಿ ಏತಕ್ಕೆ? 2012ರ ಜೂನಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಆಜ್ಞೆಯ ಪ್ರಕಾರ, ಚರಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ. ಈ ಒಂದು ಆಜ್ಞೆಯಿಂದ ಸಾಲಗಾರನ ಕಾಲಿನ ಸರಪಳಿ ಕಳಚಿದಂತಾಯಿತು. ತನ್ನ ಬ್ಯಾಂಕು ಹೊಸ ಗಿರಾಕಿಗಳಿಗೆ ಕಡಿಮೆ ದರದಲ್ಲಿ ಕೊಡುತ್ತಿದ್ದರೆ ತನಗೂ ಆ ದರವನ್ನು ಕೊಡಿರೆಂದು ಬರವಣಿಗೆಯಲ್ಲಿ ಕೇಳಬಹುದು; ಒಪ್ಪದಿದ್ದರೆ ಸಾಲವನ್ನು ಇನ್ನೊಂದು ಬ್ಯಾಂಕಿಗೆ ವರ್ಗಾಯಿಸಬಹುದು. ವರ್ಗಾವಣೆ ಎಂಬ ಮಾತಿಗೆ ಅರ್ಥವಿದ್ದರೆ ಅದು ಇಲ್ಲಿ. 15 ವರ್ಷ ಬಾಕಿಯಿರುವ 20 ಲಕ್ಷದ ಸಾಲವು ಶೇಕಡಾ 9.5ರಿಂದ 8.5ಕ್ಕೆ ಇಳಿದರೆ ಮಾಸಿಕ ಕಂತು 20,884ರಿಂದ 19,695 ರೂಪಾಯಿಗೆ ಇಳಿಯುವುದು. ಕೊನೆಯ ತನಕ ಉಳಿಯುವ ಹಣ 2 ಲಕ್ಷಕ್ಕೂ ಮಿಗಿಲು. ಹೊಸ ಬ್ಯಾಂಕಿನ ಶುಲ್ಕ, ವಕೀಲರ ಮತ್ತು ಮೌಲ್ಯಮಾಪನದ ವೆಚ್ಚ, ಅಡಮಾನಪತ್ರದ ಮುದ್ರಾಂಕ ಶುಲ್ಕ ಇವನ್ನು ಆ ಮೊತ್ತದಿಂದ ಕಳೆದು ನೋಡಿಯೇ ಮುಂದುವರಿಯತಕ್ಕದ್ದು. ಸಾಲದ ಕೊನೆಯ ಕೆಲವು ವರ್ಷಗಳು ಮಾತ್ರ ಉಳಿದಿದ್ದರೆ ಈ ಶ್ರಮಕ್ಕೆ ಫಲ ಕಡಿಮೆ. ಸ್ಥಿರಬಡ್ಡಿಯ ಸಾಲವಾದರೆ ಕರಾರಿನಲ್ಲಿ ದಂಡದ ಮಾತಿದೆಯೇ ಎಂದು ಮೊದಲು ಓದಿಕೊಳ್ಳಬೇಕು.

ಇನ್ನೊಂದು ವಿಷಯ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗಾಗಿ ರೆಪೋ ದರವು ಶೇಕಡಾ 4ರಿಂದ 6.50ಕ್ಕೆ ಏರಿತು. ಆಗ ಅನೇಕರ ಕಂತು ಏರದೆ, ಅವಧಿ ಮಾತ್ರ ಸದ್ದಿಲ್ಲದೆ ಉದ್ದವಾಯಿತು. 2025ರಲ್ಲಿ ಅದೇ ದರವು ಹಂತಹಂತವಾಗಿ 5.25ಕ್ಕೆ ಇಳಿಯಿತು. 2019ರ ಅಕ್ಟೋಬರ್ 1ರಿಂದೀಚೆಗೆ ಬ್ಯಾಂಕುಗಳು ಕೊಟ್ಟ ಚರಬಡ್ಡಿಯ ಗೃಹಸಾಲಗಳು ರೆಪೋದಂಥ ಹೊರಗಿನ ಮಾನದಂಡಕ್ಕೆ ಜೋಡಿಸಿದವಾದುದರಿಂದ ಈ ಇಳಿಕೆ ಅವುಗಳಿಗೆ ಬೇಗ ತಲುಪುವುದು. ಅದಕ್ಕೂ ಹಿಂದಿನ ಸಾಲಗಳಿಗೂ ಗೃಹಸಾಲ ಕಂಪನಿಗಳ ಸಾಲಗಳಿಗೂ ಈ ಕಟ್ಟುಪಾಡು ಇಲ್ಲ. ಕೇಳದಿದ್ದವನಿಗೆ ಹಳೆಯ ದರವೇ ಗತಿಯಾದೀತು. ದರ ಏರಿದಾಗ ಕಂತನ್ನು ಹೆಚ್ಚಿಸಬೇಕೋ ಅವಧಿಯನ್ನು ಹೆಚ್ಚಿಸಬೇಕೋ ಎಂಬುದನ್ನು ಆರಿಸುವ ಅವಕಾಶವನ್ನು ಸಾಲಗಾರನಿಗೆ ಕೊಡಬೇಕೆಂದು 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದೆ. ಆದುದರಿಂದ ನಮ್ಮ ಓದುಗರು ಒಂದು ದಿನದ ಬಿಡುವು ಮಾಡಿಕೊಂಡು ಶಾಖೆಗೆ ಹೋಗಿ, ‘ನನ್ನ ದರವೆಷ್ಟು, ಉಳಿದ ತಿಂಗಳುಗಳೆಷ್ಟು?’ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದುಕೊಂಡು ಬರಲಿ. ದರ ಇಳಿದಾಗ ಕಂತನ್ನು ಇಳಿಸದೆ ಹಾಗೆಯೇ ಕಟ್ಟುತ್ತ ಬಂದರೆ ಅವಧಿ ತಾನಾಗಿ ಕುಗ್ಗುವುದು.

ಕೊನೆಯದಾದರೂ ಎಲ್ಲಕ್ಕಿಂತ ದೊಡ್ಡದಾದ ದಾರಿಯನ್ನು ನಮಗೆ ಪರದೇಶದವರು ಕಲಿಸಬೇಕಾಗಿಲ್ಲ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂಥ ಚಿಕ್ಕ ಮೊತ್ತವನ್ನೂ ಮನೆಬಾಗಿಲಲ್ಲಿ ನಿಂತು ಸ್ವೀಕರಿಸಿತು. ಆ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಹೆಸರು ಹೋದರೂ ಅದು ಕಲಿಸಿದ ಪಾಠ ಹೋಗಿಲ್ಲ. ನಾವು ಮೇಲೆ ಹೇಳಿದ 25 ಲಕ್ಷದ ಸಾಲಕ್ಕೇ ಈ ಪಾಠವನ್ನು ಅನ್ವಯಿಸಿ ನೋಡಿರಿ. ದಿನಕ್ಕೆ 50 ರೂಪಾಯಿಯಂತೆ ತಿಂಗಳಿಗೆ 1,500 ರೂಪಾಯಿಯನ್ನು ಕಂತಿನ ಜತೆಗೆ ಅಸಲಿಗೆಂದು ಹೇಳಿ ತುಂಬುತ್ತ ಬಂದರೆ, ದರ ಬದಲಾಗದಿದ್ದಲ್ಲಿ, 20 ವರ್ಷಗಳ ಸಾಲವು ಸುಮಾರು 17 ವರ್ಷಗಳಲ್ಲಿ ತೀರುವುದು. ಉಳಿಯುವ ಬಡ್ಡಿ ಸುಮಾರು 4 ಲಕ್ಷ 70 ಸಾವಿರ. ಇದಕ್ಕೆ ಶುಲ್ಕವಿಲ್ಲ, ಜಿಎಸ್‌ಟಿಯಿಲ್ಲ, ಅವಧಿ ಮುಗಿದೀತೆಂಬ ಭಯವಿಲ್ಲ. ಒಂದು ತಿಂಗಳು ಕೈ ಬರಿದಾದರೆ ನಿಲ್ಲಿಸಲೂಬಹುದು. ಯಾರೂ ದಂಡ ಕೇಳರು. ದೀಪಾವಳಿಯ ಬೋನಸ್ಸಿನಲ್ಲಿ ಅರ್ಧವನ್ನು ಇದಕ್ಕೆ ಸೇರಿಸಿದರೆ ಇನ್ನೂ ಬೇಗ. ತುಂಬುವಾಗ ‘ಅಸಲಿಗೆ ಜಮಾ ಮಾಡಿರಿ, ಅವಧಿಯನ್ನು ಕಡಿಮೆ ಮಾಡಿರಿ’ ಎಂದು ಬರೆದುಕೊಟ್ಟು ರಸೀದಿ ಪಡೆಯುವುದನ್ನು ಮಾತ್ರ ಮರೆಯಬಾರದು. ಮೂರು ನಾಲ್ಕು ತಿಂಗಳ ಮನೆಖರ್ಚಿನಷ್ಟು ಹಣವನ್ನು ಆಪತ್ತಿಗೆಂದು ಬೇರೆ ತೆಗೆದಿರಿಸಿ, ಮಿಕ್ಕುದನ್ನು ತುಂಬುವುದು ಲೇಸು.

ಈ ಸಂದರ್ಭದಲ್ಲಿ ಅಧಿಕಾರದಲ್ಲಿರುವವರಿಗೂ ಒಂದು ಮಾತನ್ನು ಹೇಳದೆ ಇರಲಾರೆವು. 2024ರ ಅಕ್ಟೋಬರಿನಿಂದ, ಗೃಹಸಾಲವೇ ಮೊದಲಾದ ಅವಧಿಸಾಲಗಳ ಮುಖ್ಯಾಂಶಪತ್ರವು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿಯೇ ಇರಬೇಕೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಿತು. ಎಲ್ಲ ಖರ್ಚುಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ಅದರಲ್ಲಿ ಕಾಣಿಸಬೇಕೆಂದಿತು. ಇದು ಸ್ತುತ್ಯರ್ಹವಾದ ಕ್ರಮ. ಆದರೆ ಕಾರ್ಡಿನ ಬಾಕಿಯನ್ನು ಆ ಆಜ್ಞೆಯಿಂದ ಹೊರಗಿಟ್ಟಿತು. ಕಾರ್ಡುಗಳ ಬಗೆಗಿನ 2022ರ ನಿರ್ದೇಶನದಲ್ಲಿ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಗಳಲ್ಲಿ ಷರತ್ತುಗಳಿದ್ದರೆ ಮೇಲು ಎಂಬಷ್ಟೇ ಸೂಚನೆಯಿತ್ತು. ಮುಂಬಯಿಯಲ್ಲಿರುವ ಕನ್ನಡಿಗನಿಗೆ ಆ ‘ಸ್ಥಳೀಯ ಭಾಷೆ’ ಕನ್ನಡವಲ್ಲ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಶೇಕಡಾ 30ಕ್ಕೆ ಮೀರಿದ ಕಾರ್ಡು ಬಡ್ಡಿಯನ್ನು ಅನ್ಯಾಯದ ವ್ಯಾಪಾರವೆಂದು ತೀರ್ಪಿತ್ತಿತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಗೊಳಿಸಿತು. ಬಡ್ಡಿಗೆ ಮಿತಿಯಿಲ್ಲವೆಂದ ಮೇಲೆ ಅದು ಎಷ್ಟೆಂಬುದಾದರೂ ತೆರುವವನ ಭಾಷೆಯಲ್ಲಿ, ವರ್ಷದ ಲೆಕ್ಕದಲ್ಲಿ, ದೊಡ್ಡ ಅಕ್ಷರಗಳಲ್ಲಿ ತಿಳಿದುಬರಲಿ. ಗೃಹಸಾಲಗಾರನಿಗೆ ಸಲ್ಲುವ ಹಕ್ಕು ಕಾರ್ಡುದಾರನಿಗೇಕೆ ಸಲ್ಲಬಾರದು?

ಆ ಹಕ್ಕು ಬರುವ ತನಕ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ನಮ್ಮ ಊರೂರಿನ ಕನ್ನಡ ಸಂಘಗಳಲ್ಲಿ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದ ಸದಸ್ಯರಿಗೆ ಕೊರತೆಯಿಲ್ಲ. ತಿಂಗಳಿಗೊಂದು ಸಂಜೆ, ಹೋಟೆಲಿನವರಿಗೆ ಬಿಡುವಿರುವ ಹೊತ್ತನ್ನು ನೋಡಿ, ಸಾಲದ ಕಾಗದಪತ್ರಗಳನ್ನು ಕನ್ನಡದಲ್ಲಿ ಓದಿ ಹೇಳುವ ಏರ್ಪಾಟನ್ನು ಸಂಘಗಳು ಮಾಡಲಿ. ಹಗಲೆಲ್ಲ ದುಡಿದ ಹುಡುಗರಿಗೆ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದು. ಅಂದು ಅಕ್ಷರ ಬೇಕಾಗಿತ್ತು. ಇಂದು ಅಂಕಿ ಬೇಕಾಗಿದೆ.

ಒಲೆಯ ಮುಂದೆ ಬೆವರು ಸುರಿಸಿ, ಕಡತಗಳ ಮುಂದೆ ಕಣ್ಣು ಸವೆಸಿ ಕಟ್ಟಿದ ಮನೆಯಿದು. ಅದನ್ನು ಋಣಮುಕ್ತಗೊಳಿಸುವುದು ಜಾಣತನದಿಂದಲ್ಲ, ದಿನದಿನದ ಐವತ್ತು ರೂಪಾಯಿಯಿಂದ ಎಂಬುದು ನಮ್ಮ ದೃಢವಾದ ನಂಬಿಕೆ. ಒಂದು ಜೇಬಿನ ಸಾಲವನ್ನು ಇನ್ನೊಂದು ಜೇಬಿಗೆ ದಾಟಿಸಿದವನ ಅಂಗಿಯ ಭಾರ ಕಡಿಮೆಯಾಗುವುದಿಲ್ಲ; ದಾಟಿಸಿಕೊಟ್ಟವನಿಗೆ ಕೂಲಿ ಮಾತ್ರ ಸಲ್ಲುತ್ತದೆ.